ರೊಕ್ಕೊಕೋಗೆ ಬೆಣ್ಣೆ ಹಾಕಿದವರು ಯಾರು?

ಬೆಳಗ್ಗೆ ಎದ್ದು ಇನ್ನೂ ಚಹಾಕ್ಕೂ ಇಟ್ಟಿರಲಿಲ್ಲ. ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದ್ದರು. ‘ಬಾಯಲ್ಲಿಟ್ಟರೆ ಕರಗುವ ನೇಪಲ್ಸ್ ಕ್ರಿಸ್‌ಮಸ್ ಬಿಸ್ಕತ್ತು’ ಅಂತೆ. ತೆರೆದು ನೋಡಿದರೆ ನಾನಿರುವ ಈ ಇಟಲಿ ಊರಿನ ಬಳೆಯಾಕಾರದ ಗಟ್ಟಿ ಬಿಸ್ಕತ್ತು, ರೊಕ್ಕೊಕೋ!

ಕರಗುವ ರೊಕ್ಕೊಕೋ ಅಂದರೆ ಮೆತ್ತಗಿನ ಚಕ್ಕುಲಿ ಅಂದ ಹಾಗೆ. ಚಕ್ಕುಲಿ ಮೆತ್ತಗಿದ್ದರೆ ನಾವು ಹೊಸ ರೆಸಿಪಿ ಅನ್ನುತ್ತೇವಾ? ಡಬ್ಬಿ ಮುಚ್ಚಳ ಯಾರು ಸರಿಯಾಗಿ ಹಾಕಿಲ್ಲ ಅಂತ ಬೈಯುತ್ತೇವೆ.

ಡಿಸೆಂಬರ್ ಬಂತೆಂದರೆ ನಾನು ಈ ವಿಷಯಕ್ಕೆ ಜಗಳ ತೆಗೆಯುವುದು ನಿಮಗೆಲ್ಲ ಗೊತ್ತೇ ಇದೆ. ಧಾರವಾಡದಲ್ಲಿರುವ ನಮ್ಮಣ್ಣ ‘ನಿನ್ನ ರೊಕ್ಕದ ಬಿಸ್ಕೀಟು ಶುರುವಾತೇನು’ ಅಂತ ಫೋನಿನಲ್ಲಿ ಆಗಲೇ ಕೇಳಿಯಾಯಿತು. ಕೇಳಲಿ ಬಿಡಿ.

ಆ ವಿಡಿಯೋದಲ್ಲಿ 200 ಗ್ರಾಂ ಬೆಣ್ಣೆ. ಎರಡು ಮೊಟ್ಟೆ. ಬೇಕಿಂಗ್ ಪೌಡರ್. ವೆನಿಲಾ! ರೊಕ್ಕೊಕೋದ ಹಿಟ್ಟಿಗೆ ಬೆಣ್ಣೆ ಇಲ್ಲ, ಮೊಟ್ಟೆಯೂ ಇಲ್ಲ. ಅರ್ಧ ಕೇಜಿ ಮೈದಾ, ಅಷ್ಟೇ ಸಕ್ಕರೆ, ಹೆಚ್ಚುಕಡಿಮೆ ಅಷ್ಟೇ ಹುರಿದ ಬಾದಾಮಿ. ಕಿತ್ತಳೆ ಸಿಪ್ಪೆ, ಸ್ವಲ್ಪ ನೀರು. ಮತ್ತೆ ‘ಪಿಸ್ತೊ’ ಅನ್ನುವ ಮಸಾಲೆ ಪುಡಿ: ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಕೊತ್ತಂಬರಿ ಬೀಜ, ಕರಿಮೆಣಸು, ಚಕ್ರಮೊಗ್ಗು. ನಮ್ಮ ಮಸಾಲೆ ಡಬ್ಬಿಯೇ ಅಲ್ವಾ? ಮೇಲೆ ಹೊಳಪಿಗೆ ಮಾತ್ರ ಮೊಟ್ಟೆ ಸವರುತ್ತಾರೆ. ಅವ್ವ ಬಂದಾಗ ನಾನು ಅದನ್ನೂ ಬಿಟ್ಟು ಸಕ್ಕರೆ ನೀರು ಸವರಿದ್ದೆ. ಟ್ರೇ ನೋಡಿ ಅವ್ವ, ‘ಇದು ಕೋಡಬಳಿ ಇದ್ದಂಗ ಐತಲ್ಲವಾ’ ಅಂದಿದ್ದಳು. ಒಂದೇ ನೋಟಕ್ಕೆ ಅರ್ಥವಾಗಿತ್ತು ಅವಳಿಗೆ.

ಬೇಕಿಂಗ್ ಪೌಡರ್ ಕಥೆ ಇನ್ನೊಂದು. ಇಲ್ಲಿ ಹಾಕುವುದು ಅಮೋನಿಯಾ, ಅಂಗಡಿಯಲ್ಲಿ ಸಿಹಿತಿಂಡಿಗೆ ಅಂತಲೇ ಸಿಗುವ ಅಮೋನಿಯಂ ಬೈಕಾರ್ಬೊನೇಟ್. ಬರೀ ಚಿಟಿಕೆ. ಓವನ್ ಬಾಗಿಲು ತೆರೆದರೆ ಮೂಗಿಗೆ ಒದ್ದ ಹಾಗಾಗುತ್ತದೆ, ಕಣ್ಣಲ್ಲಿ ನೀರು. ಆದರೆ ಬಿಸಿಗೆ ಅದು ಪೂರ್ತಿ ಗಾಳಿಯಾಗಿ ಹಾರಿಹೋಗುತ್ತದೆ, ಬಿಸ್ಕತ್ತಿನಲ್ಲಿ ವಾಸನೆ ಉಳಿಯುವುದಿಲ್ಲ. ಉಳಿಯುವುದು ಗರಿಗರಿ ಮಾತ್ರ. ಆ ವಿಡಿಯೋದವರಿಗೆ ವಾಸನೆ ಆಗಲಿಲ್ಲವಂತೆ. ಪಾಪ!

‘ನೇಪಲ್ಸ್‌ನವರೇ ಮೆತ್ತಗಿನದು ಮಾಡುತ್ತಾರಲ್ಲ’ ಅಂತ ಈಗ ಯಾರಾದರೂ ಕಮೆಂಟ್ ಹಾಕುತ್ತೀರಿ. ಹೌದು. ‘ಮೊರ್ಬಿದಿ’, ಅಂದರೆ ಮೆತ್ತಗಿನವು, ಅಂತ ಚೀಟಿ ಅಂಟಿಸಿ ಮಾರುತ್ತಾರೆ. ವಯಸ್ಸಾದವರಿಗೆ ಬೇಕಲ್ವಾ ಅನ್ನುತ್ತೀರಿ. ಇಲ್ಲಿನ ವಯಸ್ಸಾದವರು ಏನು ಮಾಡುತ್ತಾರೆ ಗೊತ್ತಾ? ವರ್ಮುತ್ ಅಥವಾ ಮಾರ್ಸಾಲಾ ವೈನ್‌ನಲ್ಲಿ ಅದ್ದಿಕೊಂಡು ಆರಾಮಾಗಿ ತಿನ್ನುತ್ತಾರೆ. ಇಟಲಿಯ ತೊಸ್ಕಾನಾ ಕಡೆಯ ಕಾಂತುಚ್ಚಿ ಬಿಸ್ಕತ್ತೂ ಕಲ್ಲಿನ ಹಾಗೇ ಇರುತ್ತದೆ. ಅದನ್ನು ವಿನ್ ಸಾಂತೊ ವೈನ್‌ನಲ್ಲಿ ಅದ್ದಿದರೆ ಸಂಪ್ರದಾಯ, ಫೋಟೋ, ಲೈಕು. ನಮ್ಮ ಬಡ ರೊಕ್ಕೊಕೋಗೆ ಮಾತ್ರ ಬೆಣ್ಣೆ ಹಚ್ಚಬೇಕು.

ಸರಿ, ನಿಜ ಹೇಳಿಬಿಡುತ್ತೇನೆ. ಬೆಣ್ಣೆ ಹಾಕಿದವರಲ್ಲಿ ನಾನೂ ಒಬ್ಬಳು. ನೇಪಲ್ಸ್‌ಗೆ ಬಂದ ಮೊದಲ ವರ್ಷ. ಓವನ್‌ನಿಂದ ತೆಗೆದಾಗ ಮೆತ್ತಗಿರುವುದು, ಆರಿದ ಮೇಲೆ ಗಟ್ಟಿಯಾಗುವುದು ಅದರ ಗುಣ ಅಂತ ಗೊತ್ತಿರಲಿಲ್ಲ. ಇನ್ನೂ ಬೆಂದಿಲ್ಲ ಅಂದುಕೊಂಡು ಹತ್ತು ನಿಮಿಷ ಜಾಸ್ತಿ ಇಟ್ಟೆ. ಮರುದಿನ ಕುಟ್ಟಾಣಿಯೇ ಬೇಕಾಯಿತು. ಸಿಟ್ಟು ಬಂದು ಮುಂದಿನ ಸಲ ಧಾರಾಳವಾಗಿ ಬೆಣ್ಣೆ ಸುರಿದೆ. ಡಿಸೆಂಬರ್ 8, ಇಮ್ಮಕೊಲಾತಾ ಅನ್ನುವ ಮೇರಿ ಮಾತೆಯ ಹಬ್ಬ. ರೊಕ್ಕೊಕೋ ಮಾಡುವ ದಿನವೇ ಅದು. ತಟ್ಟೆ ಹಿಡಿದು ಕೆಳಮನೆಯ ಅಜ್ಜಿಯ ಹತ್ತಿರ ಹೋದೆ. ಅಜ್ಜಿ ಒಂದು ತುಂಡು ತಿಂದು ‘ಬುವೋನೋ’, ಚೆನ್ನಾಗಿದೆ, ಅಂದರು. ಆಮೇಲೆ ತುಂಬಾ ಮರ್ಯಾದೆಯಿಂದ ಕೇಳಿದರು, ‘ಏನಮ್ಮಾ ಇದು? ನಿಮ್ಮೂರಿನದಾ?’

ಮಾರನೇ ದಿನ ಅವರೇ ನನ್ನನ್ನು ಅಡುಗೆಮನೆಗೆ ಕರೆಸಿಕೊಂಡರು. ಕೈ ಒದ್ದೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸಕ್ಕರೆ ಹಿಟ್ಟು ಬೆರಳು ಬಿಡುವುದಿಲ್ಲ. ಹೊಸೆದು, ಬಳೆ ಮಾಡಿ, ತುದಿ ಒತ್ತಿ, ಬಾದಾಮಿ ಹೊರಗೆ ಇಣುಕುವ ಹಾಗೆ ಮೇಲಿಂದ ಸ್ವಲ್ಪ ತಟ್ಟಬೇಕು. ಬಣ್ಣ ಬಂದ ತಕ್ಷಣ ತೆಗೆದುಬಿಡಬೇಕು, ಮುಟ್ಟಿ ನೋಡಬಾರದು. ಆರಿದ ಮೇಲೆ ಅಜ್ಜಿ ಒಂದನ್ನು ಮೇಜಿಗೆ ಕುಟ್ಟಿದರು. ಟಕ್ ಟಕ್. ‘ಕೇಳಿಸ್ತಾ?’ ಅಂದರು. ಅಷ್ಟೇ ಪಾಠ.

ಅಂಥವರ ಬೀದಿಯಲ್ಲಿ ಇದ್ದುಕೊಂಡು ನಾನು ಆ ವಿಡಿಯೋಗೆ ಹಾರ್ಟ್ ಒತ್ತಬೇಕಾ? ಆಗಲ್ಲ. ಬೇಕಾದರೆ ಅದಕ್ಕೆ ಬೆಣ್ಣೆ ಬಿಸ್ಕತ್ತು ಅನ್ನಿ, ನಾನೂ ನಾಲ್ಕು ತಿನ್ನುತ್ತೇನೆ.

ಈಗ ಎರಡನೇ ಟ್ರೇ ಒಳಗಿದೆ. ಕಿಟಕಿ ಎಲ್ಲ ತೆರೆದು ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ. ಮನೆಯಲ್ಲಿ ವರ್ಮುತ್ ಇಲ್ಲ. ಮೊದಲ ಟ್ರೇಯದನ್ನು ಶುಂಠಿ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದೇನೆ. ಕೆಳಗೆ ಅಜ್ಜಿಗೆ ಯಾರೂ ಹೇಳಬೇಡಿ.