ಮಗಾ, ನಿನ್ನ ಪ್ರೊಫೈಲ್ ಪಬ್ಲಿಕ್ಕಾ?

ನಮ್ಮಕ್ಕನ ಮಗ ಮೂರು ದಿನದಿಂದ ಸೋಫಾ ಮೇಲೆ ಕೂತು ಫೋನ್ ತೊಳೆಯುತ್ತಿದ್ದಾನೆ. ನೀರು ಹಾಕಿ ಅಲ್ಲ. ಪಿಯುಸಿ ಕಾಲದಿಂದ ಹಾಕಿದ ಪೋಸ್ಟು, ಕಾಮೆಂಟು, ಲೈಕು ಎಲ್ಲವನ್ನೂ ಒಂದೊಂದಾಗಿ ಹುಡುಕಿ ಅಳಿಸುತ್ತಿದ್ದಾನೆ. ಊಟಕ್ಕೆ ಕರೆದರೆ "2016ರಲ್ಲಿದ್ದೀನಿ ಮಾಮ, ಐದು ನಿಮಿಷ" ಅನ್ನುತ್ತಾನೆ.

ಕಾರಣ ಅಮೆರಿಕದ ವೀಸಾ. 2025ರ ಡಿಸೆಂಬರ್ 15ರಿಂದ ಅಲ್ಲಿ ಕೆಲಸ ಮಾಡೋಕೆ ಕೊಡುವ ಎಚ್-1ಬಿ ವೀಸಾ ಬೇಕೆನ್ನುವವರು, ಅವರ ಬೆನ್ನಿಗೆ ಎಚ್-4ರಲ್ಲಿ ಹೋಗುವ ಹೆಂಡತಿ ಮಕ್ಕಳು, ಎಲ್ಲರೂ ಸೋಷಿಯಲ್ ಮೀಡಿಯಾ ಖಾತೆ ಪಬ್ಲಿಕ್ ಮಾಡಿಡಬೇಕು. ಅಮೆರಿಕದ ಅಧಿಕಾರಿಗಳು ಓದುತ್ತಾರಂತೆ. ಓದಲಿ ಪಾಪ. ಪುಸ್ತಕ ಬರೆದವರಿಗೇ ಓದುಗರು ಸಿಗದ ಕಾಲದಲ್ಲಿ ನಮ್ಮ ಹುಡುಗನ ಕಾಮೆಂಟಿಗೆ ಸರ್ಕಾರಿ ಸಂಬಳದ ಓದುಗ ಸಿಕ್ಕಿದ್ದಾನೆ ಅಂದರೆ ಸಣ್ಣ ಮಾತಲ್ಲ.

ನನ್ನ ಚಿಂತೆ ಬೇರೆ. ಕನ್ನಡ ಅವರಿಗೆ ಹೇಗೆ ಅರ್ಥ ಆಗಬೇಕು? ಟ್ರೇಲರ್ ಕೆಳಗೆ ಇವನು "ಬಾಂಬ್ ಗುರು, ಥಿಯೇಟರ್ ಬ್ಲಾಸ್ಟ್ ಗ್ಯಾರಂಟಿ" ಅಂತ ಬರೆದಿದ್ದಾನೆ. ಗೆಳೆಯನ ಫೋಟೋಗೆ "ಬೆಂಕಿ ಮಗಾ". ಸೀರೆ ಉಟ್ಟ ತಂಗಿಯ ಫೋಟೋಗೆ ಅವಳ ಗೆಳತಿ "ಸಾಯಿಸ್ಬಿಟ್ಟೆ ಕಣೇ" ಅಂದಿದ್ದಾಳೆ. ಟ್ರಾನ್ಸ್‌ಲೇಟ್ ಮಾಡಿ ನೋಡಿದರೆ ಒಂದು ಸ್ಫೋಟ, ಒಂದು ಅಗ್ನಿ ಅನಾಹುತ, ಒಂದು ಕೊಲೆ, ಕೊಲೆಗೆ ನಮ್ಮ ಹುಡುಗ ಹಾರ್ಟ್ ಬೇರೆ ಒತ್ತಿದ್ದಾನೆ. "ಎಲ್ಲಾ ಅಳಿಸಿ ಖಾಲಿ ಮಾಡಿದ್ರೆ ಅದೇ ಅನುಮಾನ ಬರಲ್ವೇನೋ?" ಅಂದೆ. ಅವನ ಮುಖ ನೋಡಿದ ಮೇಲೆ ಸುಮ್ನೆ ಇರಬೇಕಿತ್ತು ಅನ್ನಿಸಿತು.

ಈ ಓದುವ ಕೆಲಸಕ್ಕೆ ಟೈಮ್ ಬೇಕಲ್ಲ, ಅದಕ್ಕೇ ಡಿಸೆಂಬರಿನ ಎಷ್ಟೋ ವೀಸಾ ಇಂಟರ್‌ವ್ಯೂಗಳನ್ನು ಮಾರ್ಚ್‌ಗೆ, ಇನ್ನೂ ಆಚೆಗೆ ತಳ್ಳಿದರು. ಎರಡು ವಾರ ರಜೆ ಹಾಕಿ ಪಾಸ್‌ಪೋರ್ಟಿಗೆ ಹೊಸ ವೀಸಾ ಸ್ಟ್ಯಾಂಪಿಂಗ್ ಮುಗಿಸಿಕೊಂಡು ಹೋಗೋಣ ಅಂತ ಅಮೆರಿಕದಿಂದ ಬಂದವರು ಇಲ್ಲೇ ಉಳಿದರು. ಮನೆ ಬಾಡಿಗೆ ಅಲ್ಲಿ ಓಡುತ್ತಿದೆ. ಆಸಾಮಿ ಮಾತ್ರ ಅಮ್ಮನ ಮನೆಯಲ್ಲಿ, ರಾತ್ರಿಯೆಲ್ಲ ಮೀಟಿಂಗ್, ಬೆಳಗ್ಗೆ ಎದ್ದರೆ ಪಕ್ಕದ ಮನೆಯವರ ಪ್ರಶ್ನೆ: "ಯಾವಾಗ ಹೊರಡೋದು?"

ಅದಕ್ಕೂ ಮುಂಚೆ ಸೆಪ್ಟೆಂಬರಿನಲ್ಲಿ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆಟ ಆಗಿತ್ತಲ್ಲ. 19ನೇ ತಾರೀಕು ಶುಕ್ರವಾರ ಟ್ರಂಪ್ ಸಹಿ, 21ಕ್ಕೆ ಜಾರಿ. ವರ್ಷಾ ವರ್ಷ ಕಟ್ಟಬೇಕು ಅಂದರು ಅಲ್ಲಿನ ವಾಣಿಜ್ಯ ಮಂತ್ರಿಗಳು. ಇಲ್ಲ, ಒಂದೇ ಸಲ, ಅದೂ ಹೊಸ ಅರ್ಜಿಗೆ ಮಾತ್ರ ಅಂತ ಮಾರನೇ ದಿನ ಶ್ವೇತಭವನದಿಂದ ತಿದ್ದುಪಡಿ ಬಂತು. ಅಷ್ಟರಲ್ಲಿ ಊರಿಗೆ ಹೊರಟು ಹತ್ತಿದವರು ವಾಪಸ್ ಬಿಡಲ್ಲವೇನೋ ಅಂತ ವಿಮಾನದಿಂದ ಇಳಿದಾಗಿತ್ತು, ಊರಲ್ಲಿದ್ದವರು ಸಿಕ್ಕ ರೇಟಿಗೆ ಟಿಕೆಟ್ ತೆಗೆದಾಗಿತ್ತು. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಡಾಲರ್ ಅಂದರೆ ಆಗ 88 ಲಕ್ಷ ರೂಪಾಯಿ ಆಸುಪಾಸು. ಅದೇ ದಿನ ಹತ್ತು ಲಕ್ಷ ಡಾಲರ್ ಕೊಟ್ಟವರಿಗೆ ಅಲ್ಲೇ ಕಾಯಂ ಇರೋಕೆ ದಾರಿ ಕೊಡುವ ಗೋಲ್ಡ್ ಕಾರ್ಡ್ ಅಂತಲೂ ಸಹಿ ಹಾಕಿದರು. ಹಾಗಾಗಿ ಬಾಗಿಲು ಮುಚ್ಚಿದ್ದಾರೆ ಅಂತ ಯಾರೂ ದೂರುವ ಹಾಗಿಲ್ಲ.

ಇದಕ್ಕಿಂತ ಚಿಲ್ಕೂರು ಬಾಲಾಜಿಯೇ ವಾಸಿ ಸ್ವಾಮಿ. ಹೈದರಾಬಾದಿನ ಹತ್ತಿರದ ಈ ದೇವರಿಗೆ ವೀಸಾ ಬಾಲಾಜಿ ಅಂತಲೇ ಹೆಸರು. ಹರಕೆ ಹೊತ್ತುಕೊಂಡಾಗ 11 ಸುತ್ತು, ಕೆಲಸ ಆದ ಮೇಲೆ ಬಂದು 108 ಸುತ್ತು. ಗುಡಿಯಲ್ಲಿ ಹುಂಡಿ ಕೂಡ ಇಲ್ಲ. ನೋಡಿ, ನಿಯಮ ಅಂದ್ರೆ ಹೀಗಿರಬೇಕು. ನೀವು ಏಳನೇ ಸುತ್ತಿನಲ್ಲಿರುವಾಗ ದೇವರು ಎದ್ದು ಬಂದು ಇವತ್ತು ರಾತ್ರಿಯಿಂದ 400 ಸುತ್ತು, ಹೊರಗೆ ಹೋದವರಿಗೆ ಮತ್ತೆ ಪ್ರವೇಶವಿಲ್ಲ ಅನ್ನುವುದಿಲ್ಲ. ನಿನ್ನ ಹಳೇ ಕಾಮೆಂಟ್ ತೋರಿಸು ಅಂತಲೂ ಕೇಳಲ್ಲ. ಅವನಿಗೆ ಗೊತ್ತಿರುತ್ತೆ, ಆ ಮಾತು ಬೇರೆ.

ನಾವೇನೂ ಕಡಿಮೆ ಇಲ್ಲ ಬಿಡಿ. ಇಲ್ಲಿ ಕೆಲಸ ಮಾಡೋಕೆ ಬರುವ ವಿದೇಶಿಗೆ ವರ್ಷಕ್ಕೆ 16.25 ಲಕ್ಷಕ್ಕಿಂತ ಜಾಸ್ತಿ ಸಂಬಳ ಇರಬೇಕು ಅಂತ ನಮ್ಮ ಸರ್ಕಾರದ ನಿಯಮ. ವಿನಾಯಿತಿ ಯಾರಿಗೆ ಗೊತ್ತಾ? ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರಿಗೆ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವ ಮೇಷ್ಟ್ರುಗಳಿಗೆ. ಬೆಂಗಳೂರಿನಲ್ಲಿ ವಿದೇಶಿಯರ ನೋಂದಣಿ ಕಚೇರಿ ಇರುವುದು ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿ. ಜಾಗ ಆರಿಸಿದ ಪುಣ್ಯಾತ್ಮನಿಗೆ ಕೈ ಮುಗಿಯಬೇಕು. ಕಾಯುವುದು ಹೇಗೆ ಅಂತ ಕೆಳಗಡೆಯೇ ಕಲಿತುಕೊಂಡು ಮೇಲೆ ಹೋಗಬಹುದು.

ಆದರೆ ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಈ ಎಚ್-1ಬಿಗೆ ಅಂಟಿಸಿದ "ತಾತ್ಕಾಲಿಕ" ಅನ್ನುವ ಪದಕ್ಕೆ. ಅಮೆರಿಕದಲ್ಲಿ ಕಾಯಂ ಇರೋಕೆ ಬೇಕಾದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ. ಮೈಸೂರಿನಷ್ಟೂ ಜನ ಇಲ್ಲದ ಐಸ್‌ಲ್ಯಾಂಡಿಗೂ ಅಷ್ಟೇ, ನಮಗೂ ಅಷ್ಟೇ. 2025ರ ಕೊನೆಯಲ್ಲಿ ಇಬಿ-2 ಅನ್ನುವ, ಉನ್ನತ ಪದವಿ ಪಡೆದವರ ಸಾಲಿನ ಭಾರತೀಯರಲ್ಲಿ 2013ರಲ್ಲಿ ಹೆಸರು ಹಚ್ಚಿದವರ ಸರದಿ ನಡೆಯುತ್ತಿತ್ತು. ಹನ್ನೆರಡು ವರ್ಷ ತೆರಿಗೆ ಕಟ್ಟಿಸಿಕೊಂಡಿದ್ದಾರೆ, ಮನೆ ಸಾಲ ಕೊಟ್ಟಿದ್ದಾರೆ, ಆದರೂ ಕೆಲಸ ಹೋದರೆ 60 ದಿನ. ಅಷ್ಟರಲ್ಲಿ ಬೇರೆ ಕೆಲಸವೋ ಬೇರೆ ದಾರಿಯೋ ಸಿಗಬೇಕು, ಇಲ್ಲದಿದ್ದರೆ ಗಂಟುಮೂಟೆ. ಇಲ್ಲಿಂದ ಎತ್ತಿಕೊಂಡು ಹೋದ ಮಗುವಿಗೆ 21 ತುಂಬಿದರೆ ಅಪ್ಪನ ವೀಸಾದ ಆಸರೆಯೂ ಇಲ್ಲ. ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂದರೆ ಮೊದಲು ನೋಡುವುದು ವಿಮಾನದ ಟೈಮ್ ಅಲ್ಲ, ಪಾಸ್‌ಪೋರ್ಟಿನ ಸ್ಟ್ಯಾಂಪಿನ ತಾರೀಕು. ಇದರಲ್ಲಿ ನಗೋಕೆ ಏನಿದೆ? ಏನೂ ಇಲ್ಲ.

ನಿನ್ನೆ ರಾತ್ರಿ ಹನ್ನೊಂದಕ್ಕೆ ಅಕ್ಕನ ಮಗ ನನ್ನ ರೂಮಿಗೆ ಬಂದ.

"ಮಾಮ, ನನ್ನ ಮದುವೆ ಫೋಟೋಗೆ ನೀವು ಒಂದು ಕಾಮೆಂಟ್ ಹಾಕಿದ್ದೀರ."

"ಏನಂತ?"

"'ಇನ್ನು ಜೀವಾವಧಿ ಶಿಕ್ಷೆ ಕಣಪ್ಪ, ಜಾಮೀನೂ ಸಿಗಲ್ಲ' ಅಂತ. ಫೋಟೋ ಅವಳ ಅಕೌಂಟಲ್ಲಿದೆ, ಅವಳು ತೆಗೆಯಲ್ಲ ಅಂತಾಳೆ. ನೀವೇ ಡಿಲೀಟ್ ಮಾಡಿ."

ಮಾಡೋಣ ಅಂತ ಕೂತೆ. ಪಾಸ್‌ವರ್ಡ್ ಮರೆತು ಆರು ವರ್ಷ ಆಗಿದೆ. ಒಟಿಪಿ ಹಳೇ ನಂಬರಿಗೆ ಹೋಗುತ್ತಿದೆ, ಆ ನಂಬರ್ ಈಗ ಯಾರ ಹತ್ತಿರ ಇದೆಯೋ.