ಪ್ಯಾನೆಲ್ ಯಾವ ಕಂಪನಿದು ಅಂತ ಕೊನೆಗೆ ಕೇಳಿ

ತಾರಸಿ ಮೇಲೆ ಸೋಲಾರ್ ಹಾಕಿಸಬೇಕು ಅಂದುಕೊಂಡ ಮೈಸೂರು, ಮಂಡ್ಯದ ಮನೆಯವರು ಮೊದಲು ಕೇಳೋದು "ಯಾವ ಕಂಪನಿ ಪ್ಯಾನೆಲ್ ಒಳ್ಳೇದು?" ಅಂತ. ಆಮೇಲೆ "ಸಬ್ಸಿಡಿ ಎಷ್ಟು ಬರುತ್ತೆ?" ಇವೆರಡಕ್ಕೂ ಉತ್ತರ ಸುಲಭವಾಗಿ ಸಿಗುತ್ತೆ. ಆದರೆ ಹಾಕಿಸಿದ ಎರಡು ಮೂರು ವರ್ಷಕ್ಕೆ ತೊಂದರೆ ಕೊಡೋದು ಪ್ಯಾನೆಲ್ ಅಲ್ಲವೇ ಅಲ್ಲ ಅನ್ನಬಹುದು. ಕೈಕೊಡೋದು ಅದರ ಕೆಳಗಿರೋ ಕಬ್ಬಿಣ, ವೈರು, ಕನೆಕ್ಟರು, ಅರ್ಥಿಂಗು. ಅದಕ್ಕೂ ಮುಂಚೆ ತಪ್ಪೋದು ಬಿಲ್ಲಿನ ಲೆಕ್ಕ. ಹಾಗಾಗಿ ಬಿಲ್ಲಿನಿಂದಲೇ ಶುರು ಮಾಡೋಣ.

ಹಿಂದಿನ ಹನ್ನೆರಡು ತಿಂಗಳ ಸೆಸ್ಕ್ (ನಮ್ಮ ಭಾಗಕ್ಕೆ ಕರೆಂಟ್ ಕೊಡೋ ಕಂಪನಿ) ಬಿಲ್ ತೆಗೆದು ಯೂನಿಟ್ ಮಾತ್ರ ಬರೆದುಕೊಳ್ಳಿ. ತಿಂಗಳಿಗೆ 120, 150 ಯೂನಿಟ್ ಉರಿಸಿ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರ್ತಿದ್ದರೆ, ಈಗ ಸೋಲಾರ್‌ನಿಂದ ನಿಮಗೆ ಉಳಿಯೋದು ಏನೂ ಇಲ್ಲ. "ಸಬ್ಸಿಡಿ ಇದೆ, ಆಮೇಲೆ ಸಿಗಲ್ಲ" ಅಂತ ಯಾರಾದರೂ ಅವಸರ ಮಾಡಿದರೆ ಕಿವಿಗೆ ಹಾಕಿಕೊಳ್ಳಬೇಡಿ. 210, 220 ಯೂನಿಟ್ ಬರುವ ಮನೆಗಳದ್ದು ಬೇರೆ ಕಥೆ. 200 ದಾಟಿದ ತಕ್ಷಣ ಪೂರ್ತಿ ಬಿಲ್ ಕಟ್ಟಬೇಕು. ಅಂಥವರು ಮೊದಲು ಗೀಸರ್ ಕಡೆ ನೋಡಿ. ಎರಡು ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ನೂರು ಲೀಟರಿನ ಸೋಲಾರ್ ವಾಟರ್ ಹೀಟರ್ ಹಾಕಿಸಿದರೆ ಆ ಭಾರ ಹೆಚ್ಚಿನಂಶ ಇಳಿಯುತ್ತೆ. ಅದಕ್ಕಾಗುವ ಖರ್ಚು ಪ್ಯಾನೆಲ್ ಹಾಕಿಸುವ ಖರ್ಚಿನ ಒಂದು ಸಣ್ಣ ಪಾಲು. ಈಗಾಗಲೇ ಹೀಟರ್ ಇರುವ ಮನೆಯಲ್ಲಿ ಅದನ್ನು ಕಿತ್ತು ಪ್ಯಾನೆಲ್‌ಗೆ ಜಾಗ ಮಾಡೋದು ಶುದ್ಧ ನಷ್ಟ.

ಸೋಲಾರ್ ನಿಜವಾಗಿ ಗಿಟ್ಟೋದು ತಿಂಗಳಿಗೆ 250, 300 ಯೂನಿಟ್ ದಾಟುವವರಿಗೆ. ನಮ್ಮ ಭಾಗದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ವರ್ಷದ ಸರಾಸರಿ ದಿನಕ್ಕೆ ನಾಲ್ಕು ಯೂನಿಟ್, ಅಂದರೆ ತಿಂಗಳಿಗೆ 120. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದಕ್ಕಿಂತ ಜಾಸ್ತಿ ಬರುತ್ತೆ, ಜೂನ್‌ನಿಂದ ಆಗಸ್ಟ್‌ವರೆಗೆ ಮೋಡದಲ್ಲಿ ಚೆನ್ನಾಗಿಯೇ ಇಳಿಯುತ್ತೆ. ಜುಲೈನಲ್ಲಿ ಕಮ್ಮಿ ಬಂತು ಅಂತ ಗಾಬರಿ ಬೇಡ. 350 ಯೂನಿಟ್ ಬಳಸುವ ಮನೆಗೆ ಮೂರು ಕಿಲೋವ್ಯಾಟ್ ಸಾಕು. ಈಗ ಯೂನಿಟ್‌ಗೆ ಆರು ರೂಪಾಯಿ ಆಸುಪಾಸು, ಅದರ ಮೇಲೆ ತೆರಿಗೆ. ತಿಂಗಳಿಗೆ ಎರಡು ಸಾವಿರದ ಮೇಲೆ ಉಳಿಯುತ್ತೆ. ಮೂರು ಕಿಲೋವ್ಯಾಟ್‌ಗೆ ಎರಡು ಲಕ್ಷದ ಆಸುಪಾಸು ಖರ್ಚು ಅಂತಿಟ್ಟುಕೊಂಡು ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 78,000 ಕಳೆದರೆ, ಹಾಕಿದ ದುಡ್ಡು ಐದಾರು ವರ್ಷಕ್ಕೆ ವಾಪಸ್. ಆದರೆ ಫಿಕ್ಸೆಡ್ ಚಾರ್ಜ್ ಹೋಗಲ್ಲ. ಅದು ಮಂಜೂರಾದ ಲೋಡಿನ ಮೇಲೆ ಬರೋದು, ಸೋಲಾರ್‌ಗಾಗಿ ಲೋಡ್ ಏರಿಸಿದರೆ ಅದೂ ಏರುತ್ತೆ. "ಬಿಲ್ ಪೂರ್ತಿ ಸೊನ್ನೆ" ಅನ್ನುವವರ ಮಾತಿನಲ್ಲಿ ಈ ಸಾಲು ಇರೋದೇ ಇಲ್ಲ.

"ಹೆಂಗೂ ಹಾಕ್ತಿದೀವಿ, ಐದು ಕಿಲೋವ್ಯಾಟ್ ಹಾಕ್ಸಿ ಸೆಸ್ಕ್‌ಗೆ ಮಾರೋಣ" ಅನ್ನುವವರೂ ಇದ್ದಾರೆ. ಬೇಡ. ನೀವು ಬಳಸಿದ್ದಕ್ಕಿಂತ ಹೆಚ್ಚಿಗೆ ಕೊಟ್ಟ ಯೂನಿಟ್‌ಗೆ ಸಿಗುವ ದರ, ನೀವು ಕೊಳ್ಳುವ ದರಕ್ಕಿಂತ ಬಹಳ ಕಮ್ಮಿ, ಸಬ್ಸಿಡಿ ಪಡೆದವರಿಗೆ ಇನ್ನೂ ಕಮ್ಮಿ. ಮೂರರ ಮೇಲೆ ಎಷ್ಟೇ ಕಿಲೋವ್ಯಾಟ್ ಹಾಕಿಸಿದರೂ ಸಬ್ಸಿಡಿ 78,000ಕ್ಕೇ ನಿಲ್ಲುತ್ತೆ: ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಅಷ್ಟೇ. ಎಲೆಕ್ಟ್ರಿಕ್ ಸ್ಕೂಟರೋ ಇಂಡಕ್ಷನ್ ಒಲೆಯೋ ಖಂಡಿತ ಬರುತ್ತೆ ಅಂತಿದ್ದರೆ ಅದಕ್ಕೆ ತಿಂಗಳಿಗೆ ಐವತ್ತು ಅರವತ್ತು ಯೂನಿಟ್ ಸೇರಿಸಿ ಲೆಕ್ಕ ಹಾಕಿ. ಅದರಾಚೆಗೆ ಆಸೆ ಬೇಡ.

ಇನ್ನು ತಾರಸಿ. ಈಗ ಬರುವ 550 ವ್ಯಾಟ್ ಪ್ಯಾನೆಲ್ ಏಳೂವರೆ ಅಡಿ ಉದ್ದ, ಮೂರೂ ಮುಕ್ಕಾಲು ಅಡಿ ಅಗಲ, ತೂಕ 28 ಕೆಜಿ ಆಸುಪಾಸು. ಮೂರು ಕಿಲೋವ್ಯಾಟ್‌ಗೆ ಆರು ಪ್ಯಾನೆಲ್. ಹಾಸಿದರೆ 170 ಚದರಡಿ ಆಗುತ್ತೆ, ಓಡಾಡಿ ತೊಳೆಯೋಕೆ ಜಾಗ ಸೇರಿ 250ರಿಂದ 300 ಬೇಕು. ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ಜಾಗಕ್ಕೇನೂ ಕೊರತೆಯಿಲ್ಲ. ಕೊರತೆ ಇರೋದು ನೆರಳಿಲ್ಲದ ಜಾಗಕ್ಕೆ. ನೀರಿನ ಟ್ಯಾಂಕು, ಮೆಟ್ಟಿಲ ಗೂಡು, ಹೀಟರ್ ಸ್ಟ್ಯಾಂಡು, ಪಕ್ಕದ ಮನೆಯ ಮೂರನೇ ಮಹಡಿ, ಹಿತ್ತಲ ತೆಂಗಿನ ಮರ, ಇವೆಲ್ಲ ನೆರಳಿನ ಮೂಲ. ಡಿಸೆಂಬರ್ ಕೊನೆಯಲ್ಲಿ ಮೈಸೂರಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಯಾವುದೇ ವಸ್ತುವಿನ ನೆರಳು ಅದರ ಎತ್ತರದ ಸುಮಾರು ಒಂದೂವರೆ ಪಟ್ಟು ಇರುತ್ತೆ, ನಡುಹಗಲಲ್ಲಿ ಮುಕ್ಕಾಲು ಪಟ್ಟು. ಮೂರಡಿ ಪ್ಯಾರಪೆಟ್ಟಿಗೆ ನಾಲ್ಕೂವರೆ ಅಡಿ ನೆರಳು. ಸೈಟ್ ನೋಡೋಕೆ ಬಂದವರು ಏಪ್ರಿಲ್ ನಡುಹಗಲಲ್ಲಿ ಬಂದು "ನೆರಳೇ ಇಲ್ಲ ಸಾರ್" ಅಂದರೆ ನಂಬಬೇಡಿ. ಆಗ ಸೂರ್ಯ ನಮ್ಮ ನೆತ್ತಿ ಮೇಲಿರುತ್ತಾನೆ, ಯಾವುದಕ್ಕೂ ನೆರಳು ಬೀಳಲ್ಲ. ಡಿಸೆಂಬರಿನ ಲೆಕ್ಕ ಕೇಳಿ.

ನೆರಳಿಗೆ ಇಷ್ಟು ಹೆದರೋದೇಕೆ ಅಂದರೆ, ಆರೂ ಪ್ಯಾನೆಲ್ ಒಂದೇ ಸಾಲಿನಲ್ಲಿ ಸೀರೀಸ್ ಆಗಿರುತ್ತವೆ. ಹೋಸ್ ಪೈಪನ್ನು ಒಂದು ಕಡೆ ತುಳಿದರೆ ಪೂರ್ತಿ ನೀರು ನಿಂತ ಹಾಗೆ, ಒಂದು ಪ್ಯಾನೆಲ್ ಮೇಲೆ ಗರಿ ನೆರಳು ಬಿದ್ದರೂ ಸಾಲಿನ ಕರೆಂಟ್ ತಗ್ಗುತ್ತೆ. ಪ್ರತಿ ಪ್ಯಾನೆಲ್‌ನಲ್ಲಿರುವ ಮೂರು ಬೈಪಾಸ್ ಡಯೋಡ್ ನೆರಳಾದ ಭಾಗವನ್ನು ಬಿಟ್ಟು ಮುಂದೆ ಹೋಗೋಕೆ ದಾರಿ ಕೊಡುತ್ತವೆ, ಆದರೆ ಆ ಭಾಗದ ಉತ್ಪಾದನೆ ಹೋದ ಹಾಗೇ. ನೆರಳು ತಪ್ಪಿಸಲಾಗದಿದ್ದರೆ ಎರಡು ಎಂಪಿಪಿಟಿ (ಸಾಲಿನಿಂದ ಆದಷ್ಟೂ ಹೆಚ್ಚು ವಿದ್ಯುತ್ ಎಳೆಯುವ ಭಾಗ) ಇರುವ ಇನ್ವರ್ಟರ್, ಅಂದರೆ ಪ್ಯಾನೆಲ್‌ನ ಡಿಸಿಯನ್ನು ಮನೆಯ ಎಸಿ ಮಾಡೋ ಪೆಟ್ಟಿಗೆ, ಹಾಕಿ ಸಾಲು ಒಡೆಯಬಹುದು, ಪ್ಯಾನೆಲ್‌ಗೊಂದು ಮೈಕ್ರೋ ಇನ್ವರ್ಟರ್ ಹಾಕಬಹುದು, ಖರ್ಚು ಜಾಸ್ತಿ. ಟ್ಯಾಂಕು, ಹೀಟರು ಉತ್ತರಕ್ಕೆ, ಪ್ಯಾನೆಲ್ ಅವುಗಳ ದಕ್ಷಿಣಕ್ಕೆ ಬರುವಂತೆ ನೋಡಿಕೊಂಡರೆ ಅರ್ಧ ತಾಪತ್ರಯ ಮುಗಿಯುತ್ತೆ. ಮುಖ ದಕ್ಷಿಣಕ್ಕೆ, ಓರೆ 12 ಡಿಗ್ರಿ ಆಸುಪಾಸು. ಹತ್ತಕ್ಕಿಂತ ಕಮ್ಮಿ ಆದರೆ ಮಳೆನೀರು ಜಾರದೆ ಕೆಳಗಿನ ಅಂಚಿನಲ್ಲಿ ಮಣ್ಣು ಕಟ್ಟುತ್ತೆ.

ಪ್ಯಾನೆಲ್ ಕೆಳಗಿನ ಕೆಲಸ ಎರಡು ರೀತಿ. ತಾರಸಿಗೆ ಹತ್ತಿರ ಕೂರಿಸೋದು ಒಂದು, ಬಟ್ಟೆ ಒಣಗಿಸೋಕೆ ಜಾಗ ಉಳಿಯಲಿ ಅಂತ ಎಂಟಡಿ ಎತ್ತರದ ಕಂಬದ ಮೇಲೆ ಕೂರಿಸೋದು ಇನ್ನೊಂದು. ಎತ್ತರಿಸಿದಷ್ಟೂ ಗಾಳಿ ಹೊಡೆತ ಜಾಸ್ತಿ. ಭರಣಿ ಮಳೆಗೆ ಮುಂಚೆ ಬೀಸುವ ಬಿರುಗಾಳಿಯಲ್ಲಿ ಪ್ಯಾನೆಲ್ ಕೆಳಗೆ ಗಾಳಿ ನುಗ್ಗಿ ಮೇಲಕ್ಕೆ ಎತ್ತುತ್ತೆ. ಹಾಗಾಗಿ ಎತ್ತರದ ಸ್ಟ್ರಕ್ಚರ್‌ಗೆ ಅಡ್ಡ ಬ್ರೇಸಿಂಗ್ ಬೇಕೇ ಬೇಕು. ಕಬ್ಬಿಣ ಹಾಟ್ ಡಿಪ್ ಗ್ಯಾಲ್ವನೈಸ್ ಆಗಿರಬೇಕು, ಲೇಪ 80 ಮೈಕ್ರಾನ್. ಸ್ಥಳದಲ್ಲೇ ಕತ್ತರಿಸಿ, ವೆಲ್ಡ್ ಮಾಡಿ, ಮೇಲೆ ಸಿಲ್ವರ್ ಪೇಂಟ್ ಬಳಿದ ಸ್ಟ್ರಕ್ಚರ್ ಒಪ್ಪಬೇಡಿ. ವೆಲ್ಡಿನ ಬಿಸಿಗೆ ಸತುವು ಸುಟ್ಟು ಹೋಗಿರುತ್ತೆ, ತುಕ್ಕು ಶುರುವಾಗೋದೇ ಅಲ್ಲಿಂದ. ನಟ್ಟು ಬೋಲ್ಟು ಸ್ಟೇನ್‌ಲೆಸ್ ಇರಲಿ.

ತಾರಸಿಗೆ ರಂಧ್ರ ಕೊರೆದರೆ ಸೋರುತ್ತಾ? ವಾಟರ್‌ಪ್ರೂಫಿಂಗ್ ಪದರ ತೂತು ಮಾಡಿ ಹಾಗೇ ಬಿಟ್ಟರೆ ಖಂಡಿತ ಸೋರುತ್ತೆ. ಅಡಿ ಚದರ, ಅಡಿ ಎತ್ತರದ ಕಾಂಕ್ರೀಟ್ ದಿಮ್ಮಿ ಕೂರಿಸಿ, ಬೋಲ್ಟು ಅದರೊಳಗೇ ಬರುವಂತೆ ಮಾಡಿಸಿ. ಒಂದೊಂದೂ 65 ಕೆಜಿ ಮೇಲೆ ತೂಗುತ್ತೆ. ಆರ್‌ಸಿಸಿ ತಾರಸಿಗೆ ಈ ಭಾರ ಲೆಕ್ಕಕ್ಕಿಲ್ಲ. ಆದರೆ ಮೈಸೂರಿನ ಅಗ್ರಹಾರ, ಚಾಮುಂಡಿಪುರಂ ಕಡೆಯ ಹಳೇ ಮನೆಗಳಲ್ಲಿ ಮರದ ತೊಲೆ ಮೇಲೆ ಮದ್ರಾಸ್ ತಾರಸಿ ಇದ್ದರೆ ಸಿವಿಲ್ ಎಂಜಿನಿಯರ್ ನೋಡದೆ ಮುಟ್ಟಬೇಡಿ. ಮಂಡ್ಯ ಸುತ್ತಿನ ಹೆಂಚಿನ ಮನೆಗೂ ಇದೇ ಮಾತು: ಹೆಂಚಿನ ಮೇಲೆ ಭಾರ ಬಿಡಬಾರದು, ಕಂಬ ನೆಲದಿಂದಲೋ ಗೋಡೆಯಿಂದಲೋ ಬರಬೇಕು.

ಈಗ ಯಾರೂ ಬಗ್ಗಿ ನೋಡದ ಜಾಗಕ್ಕೆ ಬರೋಣ, ಪ್ಯಾನೆಲ್ ಬೆನ್ನಿಗೆ. ಪ್ಯಾನೆಲ್‌ನಿಂದ ಪ್ಯಾನೆಲ್‌ಗೆ ವೈರು ಸೇರೋದು ಎಂಸಿ4 ಅನ್ನೋ ಹೆಬ್ಬೆರಳು ಗಾತ್ರದ ಕಪ್ಪು ಕನೆಕ್ಟರ್‌ನಲ್ಲಿ. ಅದನ್ನು ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಬೇಕು, ಇಕ್ಕಳದಲ್ಲಿ ಅಮುಕಿದರೆ ಹಿಡಿತ ಸಾಲದು. ಒಂದು ಕಂಪನಿಯ ಗಂಡು ಕನೆಕ್ಟರ್‌ಗೆ ಇನ್ನೊಂದು ಕಂಪನಿಯ ಹೆಣ್ಣು ಕನೆಕ್ಟರ್ ತುರುಕಿದರೆ ಕ್ಲಿಕ್ ಅನ್ನಬಹುದು, ಒಳಗೆ ಮಾತ್ರ ಸರಿ ಕೂರಲ್ಲ. ಅಲ್ಲಿ ಹದಿಮೂರು ಆಂಪಿಯರ್ ಡಿಸಿ ಹರಿಯುತ್ತೆ. ಸಡಿಲವಾದ ಕಡೆ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತೆ, ಬೆಂಕಿ ಹೊತ್ತಿಕೊಳ್ಳೋದೂ ಉಂಟು. ವೈರು ನಾಲ್ಕು ಚದರ ಮಿಲಿಮೀಟರಿನ ಸೋಲಾರ್ ಡಿಸಿ ಕೇಬಲ್ ಆಗಿರಬೇಕು, ಮನೆ ವೈರಿಂಗಿನದ್ದಲ್ಲ. ಅದನ್ನು ಸ್ಟ್ರಕ್ಚರ್‌ಗೆ ಕಟ್ಟೋದು ಸಾಮಾನ್ಯ ನೈಲಾನ್ ಟೈನಲ್ಲಾದರೆ ಎರಡು ಬೇಸಿಗೆಗೆ ಪುಡಿಯಾಗುತ್ತೆ, ವೈರು ತಾರಸಿಗೆ ಜೋತು ಬೀಳುತ್ತೆ, ಇಲಿ, ಅಳಿಲು ಕಡಿಯುತ್ತವೆ. ಆಮೇಲೆ ಕಾಣೋ ಲಕ್ಷಣ ಹೀಗೆ: ರಾತ್ರಿ ಮಳೆ ಬಂದ ಮರುದಿನ ಇನ್ವರ್ಟರ್ ಹತ್ತು ಗಂಟೆಯಾದರೂ ಶುರುವಾಗಲ್ಲ, ಐಸೋಲೇಷನ್ ಫಾಲ್ಟ್ ಅಂತ ತೋರಿಸುತ್ತೆ, ಬಿಸಿಲೇರಿ ತೇವ ಒಣಗಿದ ಮೇಲೆ ತಾನೇ ಸರಿಹೋಗುತ್ತೆ. ತಾನೇ ಸರಿಹೋಯ್ತಲ್ಲ ಅಂತ ಬಿಡಬೇಡಿ. ಎಲ್ಲೋ ವೈರಿನ ಸಿಪ್ಪೆ ಕಿತ್ತಿದೆ ಅಂತ ಅರ್ಥ. ಆರು ಪ್ಯಾನೆಲ್ ಸಾಲಿನಲ್ಲಿ 250ರಿಂದ 300 ವೋಲ್ಟ್ ಡಿಸಿ ಇರುತ್ತೆ. ಒದ್ದೆ ಕೈಯಲ್ಲಿ ಆ ಕಡೆ ಹೋಗಲೇಬಾರದು.

ಅರ್ಥಿಂಗ್ ಮೂರು ಗುಂಡಿ: ಡಿಸಿ ಮತ್ತು ಸ್ಟ್ರಕ್ಚರ್‌ಗೆ ಒಂದು, ಎಸಿ ಮತ್ತು ಇನ್ವರ್ಟರ್‌ಗೆ ಒಂದು, ಸಿಡಿಲು ನಿರೋಧಕಕ್ಕೆ ಪ್ರತ್ಯೇಕ ಒಂದು. ಮೂರು ಮುಚ್ಚಳ ಕಂಡ ಮಾತ್ರಕ್ಕೆ ಮೂರು ಅರ್ಥಿಂಗ್ ಇದೆ ಅಂತಲ್ಲ, ಕೆಳಗೆ ಗಿಡ್ಡ ರಾಡ್ ಇಟ್ಟು ಮುಚ್ಚಿರಬಹುದು. ನಿಮ್ಮ ಎದುರೇ ಮೀಟರ್ ಹಿಡಿದು ಅಳೆಸಿ, ಐದು ಓಮ್ ಒಳಗೆ ಬರಬೇಕು. ಡಿಸಿ ಬಾಕ್ಸ್, ಎಸಿ ಬಾಕ್ಸ್ ಎರಡರಲ್ಲೂ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರೋ ವೋಲ್ಟೇಜ್ ತಡೆಯೋ ಸಾಧನ) ಇದೆಯಾ ಅಂತ ಬಾಗಿಲು ತೆರೆಸಿ ನೋಡಿ. ಸಿಡಿಲಿಗೆ ಸುಟ್ಟ ಇನ್ವರ್ಟರ್ ಸಾಮಾನ್ಯವಾಗಿ ವಾರಂಟಿಗೆ ಬರಲ್ಲ.

"ಕರೆಂಟ್ ಹೋದಾಗ ಸೋಲಾರ್ ಇರುತ್ತಲ್ಲ?" ಇರಲ್ಲ. ಆನ್ ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ, ಇನ್ವರ್ಟರ್ ಲೈನ್ ಹೋದ ತಕ್ಷಣ ನಿಲ್ಲುತ್ತೆ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹೊಡೆಯಬಾರದು ಅಂತಲೇ ಅದನ್ನು ಹಾಗೆ ಮಾಡಿರೋದು. ಮನೆಯಲ್ಲಿರೋ ಯುಪಿಎಸ್ ಹಾಗೇ ಇಟ್ಟುಕೊಳ್ಳಿ. ದಿನಕ್ಕೆ ಹಲವು ಗಂಟೆ ಕರೆಂಟ್ ಇಲ್ಲದ ಹಳ್ಳಿಗಳಲ್ಲಿ ಮಾತ್ರ ಬ್ಯಾಟರಿ ಮತ್ತು ಅದಕ್ಕೆ ಹೊಂದುವ ಹೈಬ್ರಿಡ್ ಇನ್ವರ್ಟರ್ ಯೋಚಿಸಬಹುದು. ಲೈನಿನ ಕೊನೆಯಲ್ಲಿರುವ ಮನೆಗಳಿಗೆ ಇನ್ನೊಂದು ಕಾಟ: ಮಧ್ಯಾಹ್ನ ಸೋಲಾರ್ ಜೋರಾಗಿ ಬರುವಾಗಲೇ ವೋಲ್ಟೇಜ್ 253 ದಾಟಿ ಇನ್ವರ್ಟರ್ ಟ್ರಿಪ್ ಆಗುತ್ತೆ. ಇನ್ವರ್ಟರ್‌ನಿಂದ ಮೀಟರ್‌ವರೆಗಿನ ಎಸಿ ವೈರು ತೆಳ್ಳಗಿದ್ದರೆ ಇದು ಇನ್ನೂ ಜಾಸ್ತಿ. ದೂರ ಹೆಚ್ಚಿದ್ದರೆ ಆರು ಚದರ ಮಿಲಿಮೀಟರ್‌ಗಿಂತ ಕಮ್ಮಿ ಹಾಕಿಸಬೇಡಿ. ಆಮೇಲೂ ಟ್ರಿಪ್ ಆದರೆ ಇನ್ವರ್ಟರ್ ತೋರಿಸುವ ವೋಲ್ಟೇಜಿನ ಫೋಟೋ ಸಮೇತ ಸೆಕ್ಷನ್ ಆಫೀಸಿಗೆ ಬರೆದು ಕೊಡಿ, ಟ್ರಾನ್ಸ್‌ಫಾರ್ಮರ್ ಟ್ಯಾಪ್ ಬದಲಿಸೋದು ಅವರ ಕೆಲಸ.

ತೊಳೆಯೋದು ಬೆಳಿಗ್ಗೆ ಬೇಗ ಅಥವಾ ಸಂಜೆ. ಕಾದ ಗಾಜಿನ ಮೇಲೆ ತಣ್ಣೀರು ಬೇಡ. ಮಂಡ್ಯ ಕಡೆ ಬೋರ್‌ವೆಲ್ಲಿನ ಗಡಸು ನೀರಾದರೆ ಒಣಗಿದ ಮೇಲೆ ಬಿಳೀ ಕಲೆ ಗಾಜಿಗೆ ಅಂಟಿ ಕೂರುತ್ತೆ. ಕಾವೇರಿ ನೀರೋ ಮಳೆನೀರೋ ಬಳಸಿ, ಮೆದು ಬಟ್ಟೆಯ ಮಾಪ್ ಸಾಕು. ಕಬ್ಬಿನ ಸೋಗೆ ಸುಡುವ ಕಾಲದಲ್ಲಿ, ಆಲೆಮನೆ ಹತ್ತಿರದಲ್ಲಿದ್ದರೆ, ಕರಿ ಮಸಿ ಬೀಳುತ್ತಲೇ ಇರುತ್ತೆ, ಅಂಥ ಕಡೆ ವಾರಕ್ಕೊಮ್ಮೆ ಬೇಕು. ಬೇರೆಡೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಆದರೂ ನಡೆಯುತ್ತೆ.

ಕಾಗದದ ಕೆಲಸದಲ್ಲಿ ಎಲ್ಲರೂ ಸಿಕ್ಕಿಹಾಕಿಕೊಳ್ಳೋದು ಹೆಸರಿನಲ್ಲಿ. ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರೋ ಕನೆಕ್ಷನ್ ನಂಬರ್) ಇನ್ನೂ ತೀರಿಕೊಂಡ ತಾತನ ಹೆಸರಲ್ಲಿರುತ್ತೆ, ಆಧಾರ್, ಬ್ಯಾಂಕ್ ಖಾತೆ ಮೊಮ್ಮಗನ ಹೆಸರಲ್ಲಿ. ಪಿಎಂ ಸೂರ್ಯಘರ್ ಪೋರ್ಟಲ್‌ಗೆ ಹೋಗುವ ಮುಂಚೆಯೇ ಸೆಸ್ಕ್ ಉಪವಿಭಾಗದಲ್ಲಿ ಹೆಸರು ಬದಲಾಯಿಸಿಕೊಳ್ಳಿ. ಗೃಹಜ್ಯೋತಿ ಲೆಕ್ಕ ನೆಟ್ ಮೀಟರ್ (ನೀವು ತಗೊಂಡ, ಕೊಟ್ಟ ಯೂನಿಟ್ ಎರಡನ್ನೂ ಅಳೆಯೋ ಮೀಟರ್) ಬಂದ ಮೇಲೆ ಹೇಗಾಗುತ್ತೆ ಅನ್ನೋದನ್ನೂ ಅಲ್ಲೇ ಕೇಳಿಬಿಡಿ. ಸಬ್ಸಿಡಿಗೆ ಸೆಲ್ಲೂ ಪ್ಯಾನೆಲ್ಲೂ ದೇಶದಲ್ಲೇ ತಯಾರಾದ ಡಿಸಿಆರ್ ಪ್ಯಾನೆಲ್ ಆಗಿರಬೇಕು, ಕೊಟೇಶನ್‌ನಲ್ಲಿ ಆ ಮೂರಕ್ಷರ ಇಲ್ಲದಿದ್ದರೆ ಸಹಿ ಹಾಕಬೇಡಿ. ಐದು ವರ್ಷದ ನಿರ್ವಹಣೆ ಹಾಕಿದವರ ಹೊಣೆ, ಅದು ಕರಾರಿನಲ್ಲಿರಲಿ. ಇನ್ವರ್ಟರ್ ಆ್ಯಪ್‌ನ ಲಾಗಿನ್ ನಿಮ್ಮ ಇಮೇಲ್‌ನಲ್ಲೇ ಮಾಡಿಸಿ. ಅವರ ಹೆಸರಲ್ಲಿದ್ದರೆ ಅವರು ಫೋನ್ ಎತ್ತದ ದಿನ ನಿಮ್ಮ ಮನೆಯ ಲೆಕ್ಕ ನಿಮಗೇ ಕಾಣಲ್ಲ. ಕೊನೆಯ ಹತ್ತು ಪರ್ಸೆಂಟ್ ದುಡ್ಡು ನೆಟ್ ಮೀಟರ್ ಕೂತು, ಮೊದಲ ಬಿಲ್‌ನಲ್ಲಿ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡೂ ಸಾಲು ಕಾಣಿಸೋವರೆಗೆ ಹಿಡಿದುಕೊಳ್ಳಿ, ಈ ಮಾತನ್ನು ಮುಂಗಡ ಕೊಡುವ ಮುಂಚೆಯೇ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಸಬ್ಸಿಡಿ ಬರೋದು ನೇರ ನಿಮ್ಮ ಖಾತೆಗೆ. "ಸಬ್ಸಿಡಿ ನಾವು ತಗೋತೀವಿ, ನೀವು ಉಳಿದಿದ್ದು ಕೊಡಿ" ಅನ್ನುವವರ ಹತ್ತಿರ ಪ್ಯಾನೆಲ್ ಕಂಪನಿ ಹೆಸರು ಕೇಳುವ ಅಗತ್ಯವೂ ಇಲ್ಲ, ಬೇರೆಯವರನ್ನು ನೋಡಿ.