ನಾನೇನೂ ಹೇಳಲ್ಲ ಬಿಡು

ಮೊನ್ನೆ ಗೃಹಪ್ರವೇಶದ ಊಟಕ್ಕೆ ಕೂತಾಗ ಭಾವ ಪಕ್ಕದ ಎಲೆಗೇ ಬಂದರು. ಉಪ್ಪು ಬಡಿಸುವ ಮೊದಲೇ ಕೇಳಿದರು, "ಬ್ರಾಡ್‌ಚರ್ಚ್ ಎಲ್ಲಿಗೆ ಬಂತೋ?" ಮನೆಯಲ್ಲಿ ನಾವು ನೋಡುತ್ತಿದ್ದ ಬ್ರಿಟಿಷ್ ಟೀವಿ ಸರಣಿ ಅದು, ಕೊಲೆಗಾರನನ್ನು ಹುಡುಕುವ ಕಥೆ.

"ಐದನೇ ಕಂತು, ಭಾವ."

"ಐದೇನಾ? ಹಾಗಾದ್ರೆ ನಾನೇನೂ ಹೇಳಲ್ಲ ಬಿಡು."

ಕೋಸಂಬರಿ ಬಂತು, ಪಲ್ಯ ಬಂತು. ಅನ್ನಕ್ಕೆ ಸಾರು ಬೀಳುತ್ತಿದ್ದಾಗ ನನ್ನ ಕಿವಿಗೆ ಬಾಗಿ, "ಒಬ್ಬರ ಮೇಲೆ ಮಾತ್ರ ಸ್ವಲ್ಪ ಕಣ್ಣಿಟ್ಟಿರು" ಎಂದರು. ಹೆಸರನ್ನೂ ಹೇಳಿದರು. ಸಾರು ಎಲೆ ದಾಟಿ ಹರಿಯಿತು. ಅದನ್ನು ತಡೆಯಲಾ, ಭಾವನನ್ನು ತಡೆಯಲಾ?

2013ರಲ್ಲಿ ಆ ಸರಣಿ ತೆಗೆದವರು ಕೊಲೆ ಮಾಡಿದ್ದು ಯಾರು ಅಂತ ತಮ್ಮ ನಟರಲ್ಲೇ ಹೆಚ್ಚಿನವರಿಗೆ ಹೇಳಿರಲಿಲ್ಲ. ಅಷ್ಟು ಜೋಪಾನ ಮಾಡಿದ ಗುಟ್ಟು ನನಗೆ ಸಾರಿಗೂ ಹುಳಿಗೂ ನಡುವೆ ಸಿಕ್ಕಿತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಜರ್ಮನಿಯ ಒಬ್ಬ ಪುಣ್ಯಾತ್ಮ ನೆನಪಾಗುತ್ತಿದ್ದ. ವೋಲ್ಫ್‌ಗಾಂಗ್ ನಾಯ್ಸ್ ಅಂತ. ಜನರನ್ನು ನಗಿಸುವುದೇ ಅವನ ಕಸುಬು. 1962ರ ಜನವರಿಯಲ್ಲಿ ಪಶ್ಚಿಮ ಜರ್ಮನಿಯ ಟೀವಿಯಲ್ಲಿ 'ದಸ್ ಹಾಲ್ಸ್‌ಟುಖ್' ಅಂತ ಆರು ಕಂತಿನ ಕೊಲೆ ಕಥೆ ಬರುತ್ತಿತ್ತು. ಹಾಲ್ಸ್‌ಟುಖ್ ಅಂದರೆ ಕುತ್ತಿಗೆಗೆ ಸುತ್ತುವ ವಸ್ತ್ರ. ಕೊಲೆಯೂ ಅದರಿಂದಲೇ. ಅದು ಬರುವ ಹೊತ್ತಿಗೆ ಬೀದಿಗಳು ಬಿಕೋ ಅನ್ನುತ್ತಿದ್ದವು. ಇಂಥ ಧಾರಾವಾಹಿಗಳಿಗೆ ಅಲ್ಲಿನವರು ಇಟ್ಟ ಹೆಸರೇ 'ಬೀದಿ ಗುಡಿಸುವವ'. ಬೀದಿಯೇ ಖಾಲಿ ಅಂದಮೇಲೆ ಸಿನಿಮಾಕ್ಕೆ ಯಾರು ಹೋಗುತ್ತಾರೆ? ನಾಯ್ಸ್‌ಗೋ ತನ್ನದೇ ಒಂದು ಸಿನಿಮಾ ಓಡಬೇಕಿತ್ತು. ಕೊನೆಯ ಕಂತಿನ ಹಿಂದಿನ ದಿನ ಬರ್ಲಿನ್ನಿನ ಸಂಜೆ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ: ಕೊಲೆಗಾರ ಇಂಥ ನಟ, ಬುಧವಾರ ಸಂಜೆ ಮನೇಲಿ ಕೂರಬೇಡಿ, ಸಿನಿಮಾಕ್ಕೆ ಹೋಗಿ.

ಜನ ಕೆಂಡವಾದರು. ಒಂದು ಪತ್ರಿಕೆಯಂತೂ ಅವನನ್ನು ದೇಶದ್ರೋಹಿ ಅಂದಿತು. ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ. ಈಗ ಆ ಪತ್ರಿಕೆ ತೀರಾ ಮೆತ್ತಗಾಯಿತು ಅನಿಸುತ್ತಿದೆ. ಆದರೂ ನಾಯ್ಸ್ ವಾಸಿ. ಕಾಸು ಬಿಚ್ಚಿ, ನೇರವಾಗಿ ಹೇಳಿದ. "ನಾನೇನೂ ಹೇಳಲ್ಲ" ಅಂತ ಶುರುಮಾಡಲಿಲ್ಲ. (ಆ ನಟನ ಹೆಸರು ನನಗೆ ಗೊತ್ತು. ಹೇಳಲ್ಲ. ಅರವತ್ತು ವರ್ಷ ಆದರೇನು, ನಿಮ್ಮಲ್ಲಿ ಯಾರಾದರೂ ನಾಳೆ ಹುಡುಕಿ ನೋಡಬಹುದು.)

ಹೀಗೆ ಗುಟ್ಟು ಬಿಟ್ಟರೆ ನೋಡೋದರಲ್ಲಿ ಏನು ಉಳೀತು ಅಂತ ಕೈ ತೊಳೆಯುವಾಗ ಭಾವನಿಗೆ ಮೆಲ್ಲಗೆ ಹೇಳಿಯೂ ಹೇಳಿದ್ದೆ. ಅವರು ನಕ್ಕು, "ಕೀಚಕ ಸಾಯೋದು ಗೊತ್ತಿದ್ದೂ ಬೆಳಗಿನ ತನಕ ಯಕ್ಷಗಾನ ನೋಡಲ್ವೇನೋ?" ಅಂದರು. ನೋಡ್ತೀನಿ. ಆದರೆ ಅಲ್ಲಿ ಕೀಚಕನನ್ನು ಕೊಂದದ್ದು ಯಾರು ಅಂತ ರಾತ್ರಿಯಿಡೀ ತಲೆ ಕೆಡಿಸಿಕೊಂಡು ಯಾರೂ ಕೂರಲ್ಲ. ಈ ಉತ್ತರ ನನಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ರಾತ್ರಿ ಆರನೇ ಕಂತು ಹಾಕಿದೆವು. ಇವಳಿಗೆ ಏನೂ ಗೊತ್ತಿಲ್ಲ. ಒಬ್ಬೊಬ್ಬರನ್ನೇ ಹಿಡಿದು "ಇವನೇ ನೋಡಿ", "ಅಲ್ಲ, ಅವಳೇ" ಅನ್ನುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಹೂಂ ಕೂಡ ಅನ್ನಲಿಲ್ಲ. ಅರ್ಧ ಗಂಟೆ ಕಳೆದಿರಬೇಕು, ಅವಳು ಟೀವಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ರೀ, ಆ ಮುಖ ಬಂದಾಗಲೆಲ್ಲ ನೀವ್ಯಾಕೆ ಚಕ್ಕುಲಿ ಅಗಿಯೋದು ನಿಲ್ಲಿಸ್ತೀರಿ?"